ನಗರ ಮತ್ತು ಪ್ರಾದೇಶಿಕ ಯೋಜನೆ: ಒಂದು ವಿಶ್ವವಿದ್ಯಾನಿಲಯ ಶಿಸ್ತಿನ ಚಾರಿತ್ರಿಕ ಅವಲೋಕನ

ಊರುಗಳನ್ನು ಯೋಜಿತವಾಗಿ ಕಟ್ಟುವ ಪರಿಪಾಠ ಬಹು ಪ್ರಾಚೀನವಾದುದು. ಅದನ್ನು ವಿಶ್ವವಿದ್ಯಾನಿಲಯದಲ್ಲಿ ಒಂದು ಜ್ಞಾನಶಿಸ್ತಾಗಿ ಬೋಧಿಸುವ ಕ್ರಮ ಮಾತ್ರ ಇಪ್ಪತ್ತನೆಯ ಶತಮಾನದ್ದು. ಈ ಶಿಸ್ತು ಭಾರತದಲ್ಲಿ ಬೇರೂರಿದ ಬಗೆಯನ್ನೂ ಅದಕ್ಕೂ ಮೈಸೂರು ಸೀಮೆಗೂ ಇರುವ ಸಂಬಂಧವನ್ನೂ ಪ್ರಸ್ತುತ ಪ್ರಬಂಧದಲ್ಲಿ ಸ್ಥೂಲವಾಗಿ ಪರಿಶೀಲಿಸಲಾಗಿದೆ. ಯೋಜಕನಾಗುವವನು ಮೊದಲು ಕಲಿಯಬೇಕಾದುದು ನಕ್ಷೆ ಬರೆಯುವುದನ್ನೋ ಊರನ್ನು ಅರಿಯುವುದನ್ನೋ ಎಂಬ ಪ್ರಶ್ನೆ ಈ ಚರಿತ್ರೆಯುದ್ದಕ್ಕೂ ಎದುರಾಗುತ್ತದೆ.

ಬ್ರಿಟನ್ನಿನಲ್ಲಿ 1909ನೆಯ ವರ್ಷ ಎರಡು ಕಾರಣಗಳಿಂದ ಮಹತ್ತ್ವದ್ದು. ನಗರ ಯೋಜನೆಯನ್ನು ಹೆಸರಿಸಿದ ಮೊದಲ ಶಾಸನ ಅಲ್ಲಿ ಜಾರಿಗೆ ಬಂದುದು ಆಗ. ಸಾಬೂನು ಉದ್ಯಮಿ ವಿಲಿಯಂ ಲಿವರ್ ನೀಡಿದ ದತ್ತಿಯಿಂದ ಲಿವರ್‌ಪೂಲ್ ವಿಶ್ವವಿದ್ಯಾನಿಲಯದಲ್ಲಿ ಪೌರ ವಿನ್ಯಾಸ ವಿಭಾಗ ಆರಂಭವಾದುದೂ ಆಗಲೇ. ಅದರ ಮೊದಲ ಪ್ರಾಧ್ಯಾಪಕರಾದ ಸ್ಟ್ಯಾನ್ಲಿ ಅಡ್ಸ್‌ಹೆಡ್ ವಾಸ್ತುಶಿಲ್ಪಿಗಳು. ಬೀದಿ, ಚೌಕ, ಕಟ್ಟಡಗಳ ಸಾಮರಸ್ಯವೇ ಅಲ್ಲಿನ ಬೋಧನೆಯ ಹೃದಯವಾಗಿತ್ತು. ವಿಭಾಗದ ಹೆಸರಿನಲ್ಲಿರುವ 'ವಿನ್ಯಾಸ' ಎಂಬ ಮಾತೇ ಇದಕ್ಕೆ ಸಾಕ್ಷಿ.

ಇದಕ್ಕಿಂತ ಭಿನ್ನವಾದ ಮಾರ್ಗ ಭಾರತಕ್ಕೆ ಬಂದುದು ಪ್ಯಾಟ್ರಿಕ್ ಗೆಡೆಸ್ ಅವರ ಮೂಲಕ. ಸ್ಕಾಟ್ಲೆಂಡಿನ ಡಂಡಿಯಲ್ಲಿ ಸಸ್ಯಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಗೆಡೆಸ್ ನಗರವನ್ನು ಜೀವಿಯಂತೆ ಕಂಡವರು. ಮದರಾಸಿನ ಗವರ್ನರ್ ಲಾರ್ಡ್ ಪೆಂಟ್‌ಲೆಂಡ್ ಅವರ ಆಹ್ವಾನದ ಮೇರೆಗೆ 1914ರಲ್ಲಿ ಅವರು ಇಲ್ಲಿಗೆ ಬಂದರು. ಅವರ ನಗರ ಪ್ರದರ್ಶನದ ಸಾಮಗ್ರಿಗಳನ್ನು ಹೊತ್ತ ಹಡಗು ಜರ್ಮನಿಯ ಎಮ್ಡೆನ್ ಯುದ್ಧನೌಕೆಯ ದಾಳಿಗೆ ಸಿಕ್ಕಿ ಮುಳುಗಿತು. ಮತ್ತೆ ಸಾಮಗ್ರಿ ಕೂಡಿಸಿ 1915ರಲ್ಲಿ ಮದರಾಸಿನಲ್ಲಿ ಪ್ರದರ್ಶನವನ್ನು ನಡೆಸಲಾಯಿತು. ಅನಂತರ ಅವರು ಭಾರತದ ಅನೇಕ ಊರುಗಳನ್ನು ಗಲ್ಲಿಗಲ್ಲಿಯಾಗಿ ನಡೆದು ನೋಡಿ ವರದಿಗಳನ್ನು ಬರೆದರು. ಅಂದು ಮದರಾಸು ಪ್ರಾಂತಕ್ಕೆ ಸೇರಿದ್ದ ಬಳ್ಳಾರಿಯೂ ಅವುಗಳಲ್ಲಿ ಒಂದು. ಯೋಜನೆಗೆ ಮುನ್ನ ಸಮೀಕ್ಷೆ ಎಂಬುದು ಅವರ ಮೂಲಸೂತ್ರ. ಅಗಲ ರಸ್ತೆಗಾಗಿ ಕೇರಿಗಳನ್ನೇ ಕೆಡಹುವುದಕ್ಕೆ ಬದಲಾಗಿ, ಪಾಳುಬಿದ್ದ ಕೆಲವೇ ಮನೆಗಳನ್ನು ತೆಗೆದು, ಬಾವಿ, ಗುಡಿ, ಮರದ ನೆರಳುಗಳನ್ನು ಉಳಿಸಿಕೊಂಡು ಗಾಳಿ ಬೆಳಕಿಗೆ ಎಡೆಮಾಡಬೇಕೆಂದು ಅವರು ವಾದಿಸಿದರು. 1918ರಲ್ಲಿ ಎರಡು ಸಂಪುಟಗಳಲ್ಲಿ ಪ್ರಕಟವಾದ ಇಂದೋರ್ ವರದಿಯಲ್ಲಿ ಚರಂಡಿ, ಬಡಾವಣೆಗಳ ಜೊತೆಗೆ ಅಲ್ಲಿ ಸ್ಥಾಪಿಸಬಹುದಾದ ವಿಶ್ವವಿದ್ಯಾನಿಲಯದ ಸ್ವರೂಪವನ್ನೂ ಚರ್ಚಿಸಿರುವುದು ಗಮನಾರ್ಹ. ನಗರ ಮತ್ತು ವಿಶ್ವವಿದ್ಯಾನಿಲಯಗಳು ಪರಸ್ಪರ ಪೋಷಕವಾಗಬೇಕೆಂಬುದು ಅವರ ನಿಲುವಾಗಿತ್ತು.

1919ರಲ್ಲಿ ಮುಂಬಯಿ ವಿಶ್ವವಿದ್ಯಾನಿಲಯದಲ್ಲಿ ಸಮಾಜಶಾಸ್ತ್ರ ಮತ್ತು ಪೌರಶಾಸ್ತ್ರ ವಿಭಾಗ ಆರಂಭವಾದಾಗ ಗೆಡೆಸ್ ಅದರ ಪ್ರಾಧ್ಯಾಪಕರಾದರು. ನಗರದ ಅಧ್ಯಯನ ಇಲ್ಲಿ ಎಂಜಿನಿಯರಿಂಗ್‌ನ ಅಂಗವಾಗಿರದೆ ಸಮಾಜದ ಅರಿವಿನ ಅಂಗವಾಗಿ ಮೊದಲುಗೊಂಡಿತೆಂಬುದನ್ನು ಮರೆಯಲಾಗದು. ಆದರೆ ಈ ನಂಟು ಬಹುಕಾಲ ಉಳಿಯಲಿಲ್ಲ. 1924ರಲ್ಲಿ ಗೆಡೆಸ್ ನಿರ್ಗಮಿಸಿದ ಬಳಿಕ ವಿಭಾಗದ ಹೊಣೆ ಹೊತ್ತ ಜಿ. ಎಸ್. ಘುರ್ಯೆ ಅವರ ಮುಖ್ಯ ಆಸಕ್ತಿ ಜಾತಿ, ಬುಡಕಟ್ಟು, ಬಂಧುತ್ವಗಳ ಕಡೆಗಿತ್ತು. ಮೈಸೂರಿನವರಾದ ಎಂ. ಎನ್. ಶ್ರೀನಿವಾಸ್ ಅವರ ಮಾರ್ಗದರ್ಶನದಲ್ಲಿಯೇ ಮೈಸೂರಿನ ವಿವಾಹ ಮತ್ತು ಕುಟುಂಬಗಳನ್ನು ಅಭ್ಯಸಿಸಿದರು. ಸಮಾಜಶಾಸ್ತ್ರಕ್ಕೆ ಇದರಿಂದ ಲಾಭವಾಯಿತು. ನಗರ ಯೋಜನೆ ಮಾತ್ರ ಆ ಮನೆಯಿಂದ ಹೊರಬಿದ್ದಿತು.

ಮೈಸೂರು ಸಂಸ್ಥಾನದಲ್ಲಿ ಬೋಧನೆಗಿಂತ ಮೊದಲು ಆಚರಣೆ ಬಂದಿತು. 1898ರ ಪ್ಲೇಗಿನ ಹಿನ್ನೆಲೆಯಲ್ಲಿ ಬೆಂಗಳೂರಿನ ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ಮೂಡಿದವು. 1903ರಲ್ಲಿ ಮೈಸೂರಿಗೂ 1945ರಲ್ಲಿ ಬೆಂಗಳೂರಿಗೂ ನಗರಾಭಿವೃದ್ಧಿ ವಿಶ್ವಸ್ಥ ಮಂಡಲಿಗಳು ರಚಿತವಾದವು. ಇಲ್ಲಿನ ಅನುಭವವನ್ನು ವಿಶ್ವವಿದ್ಯಾನಿಲಯಕ್ಕೆ ಕೊಂಡೊಯ್ದವರು, ನಾಜಿ ಆಡಳಿತದ ದೆಸೆಯಿಂದ ಜರ್ಮನಿಯನ್ನು ತೊರೆದು ಬಂದ ಆಟೊ ಕೋನಿಗ್ಸ್‌ಬರ್ಗರ್. 1939ರಿಂದ 1948ರವರೆಗೆ ಮೈಸೂರು ಸರ್ಕಾರದ ವಾಸ್ತುಶಿಲ್ಪಿಯಾಗಿದ್ದ ಅವರು ಜೆಮ್‌ಷೆಡ್‌ಪುರ, ಭುವನೇಶ್ವರಗಳ ಯೋಜನೆಗಳನ್ನೂ ರೂಪಿಸಿದರು. ಮುಂದೆ ಲಂಡನ್ನಿನಲ್ಲಿ ಉಷ್ಣವಲಯದ ವಾಸ್ತುಶಿಲ್ಪದ ಬೋಧನೆಯನ್ನು ಬೆಳೆಸಿದರು. ಆ ವಿಭಾಗವೇ 1971ರಲ್ಲಿ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಅಭಿವೃದ್ಧಿ ಯೋಜನಾ ಘಟಕವಾಯಿತು. ವೇಗವಾಗಿ ಬೆಳೆಯುವ ನಗರಗಳಲ್ಲಿ ಸಮಗ್ರ ಸಮೀಕ್ಷೆ ಮುಗಿಯುವಷ್ಟರಲ್ಲಿ ಯೋಜನೆಯೇ ಹಳತಾಗುವುದರಿಂದ, ಸಮೀಕ್ಷೆಯೂ ಕಾರ್ಯವೂ ಜೊತೆಜೊತೆಯಾಗಿ ನಡೆಯಬೇಕೆಂದು ಅವರು 1964ರಲ್ಲಿ ಪ್ರತಿಪಾದಿಸಿದರು. ಇದು ಗೆಡೆಸ್ ಸೂತ್ರದ ನಿರಾಕರಣೆ ಎನ್ನುವುದಕ್ಕಿಂತ ತಿದ್ದುಪಡಿ ಎಂದರೆ ಹೆಚ್ಚು ಸಮಂಜಸವಾದೀತು.

ಸ್ವಾತಂತ್ರ್ಯಾನಂತರ 1955ರಲ್ಲಿ ದೆಹಲಿಯಲ್ಲಿ ನಗರ ಮತ್ತು ಗ್ರಾಮಾಂತರ ಯೋಜನಾ ಶಾಲೆ ಆರಂಭವಾಯಿತು. 1959ರಲ್ಲಿ ದೆಹಲಿ ಪಾಲಿಟೆಕ್ನಿಕ್‌ನ ವಾಸ್ತುಶಿಲ್ಪ ವಿಭಾಗ ಅದರೊಡನೆ ಕೂಡಿತು. ಹೀಗೆ ಯೋಜನೆ ಮತ್ತೆ ವಾಸ್ತುಶಿಲ್ಪದ ನೆರೆಯಲ್ಲಿ ನೆಲೆಗೊಂಡಿತು. 'ಪ್ರದೇಶ'ದ ಪರಿಕಲ್ಪನೆ ಬಲಗೊಂಡುದು ಭೂಗೋಳಶಾಸ್ತ್ರಜ್ಞರಿಂದ. ಅದಕ್ಕೆ ಪ್ರಯೋಗಭೂಮಿಯಾದುದು ಏಕೀಕೃತ ಮೈಸೂರು ರಾಜ್ಯ. ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯ ಆಶ್ರಯದಲ್ಲಿ ಲೀರ್ಮಂತ್ ಮತ್ತು ಎಲ್. ಎಸ್. ಭಟ್ 1960ರ ದಶಕದ ಆರಂಭದಲ್ಲಿ ಮೈಸೂರು ರಾಜ್ಯದ ಸಂಪನ್ಮೂಲಗಳ ಭೂಪಟ ಸಂಪುಟವನ್ನು ಹೊರತಂದರು. ವಿ. ಎಲ್. ಎಸ್. ಪ್ರಕಾಶರಾವ್ ರಾಜ್ಯದ ಪಟ್ಟಣಗಳನ್ನು ಅಭ್ಯಸಿಸಿದರು. ಭೂಗೋಳಶಾಸ್ತ್ರಜ್ಞ ಆರ್. ಪಿ. ಮಿಶ್ರ ಅವರ ನೇತೃತ್ವದಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಅಭಿವೃದ್ಧಿ ಅಧ್ಯಯನ ಸಂಸ್ಥೆ 1970ರ ದಶಕದಲ್ಲಿ ಪ್ರಾದೇಶಿಕ ಯೋಜನೆಯ ಕೇಂದ್ರವಾಗಿ ಬೆಳೆಯಿತು. ಮುಂಬಯಿಯಲ್ಲಿ ಕಡಿದುಹೋಗಿದ್ದ ಎಳೆ ಬೇರೊಂದು ರೂಪದಲ್ಲಿ ಮೈಸೂರಿನಲ್ಲಿ ಕೂಡಿಕೊಂಡಿತೆಂದು ಹೇಳಬಹುದು.

ಆದರೂ ಒಂದು ಕೊರತೆ ಉಳಿದಿದೆ. ಯೋಜನಾಶಾಸ್ತ್ರದ ಉನ್ನತ ಬೋಧನೆ ಬಹುಮಟ್ಟಿಗೆ ಇಂಗ್ಲಿಷಿನಲ್ಲಿದೆ. ಕರ್ನಾಟಕದ ನೆಲದ ದಾಖಲೆಗಳಾದರೋ ಕನ್ನಡದಲ್ಲಿವೆ. ಗ್ರಾಮಠಾಣಾ, ಗೋಮಾಳ, ಗುಂಡುತೋಪು, ಕೆರೆಯಂಗಳ, ರಾಜಕಾಲುವೆ, ಚಕ್ಕುಬಂದಿ ಇವು ಕಂದಾಯ ಕಚೇರಿಯ ಒಣ ಮಾತುಗಳಲ್ಲ. ಒಂದೊಂದೂ ನೀರು, ಮೇವು, ನೆರಳುಗಳ ಮೇಲೆ ಊರಿಗಿದ್ದ ಹಕ್ಕಿನ ದಾಖಲೆ. ದಾರಿ, ಹಳ್ಳ ಮುಂತಾದ ಸಾರ್ವಜನಿಕ ಬಳಕೆಯ ನೆಲವನ್ನು 'ಬ' ಖರಾಬು ಎಂದು ಗುರುತಿಸುವ ಕ್ರಮವನ್ನು ಅರಿಯದ ಯೋಜಕನಿಗೆ ಆ ಜಾಗ ನಕ್ಷೆಯಲ್ಲಿ ಬರಿಯ ಖಾಲಿ ನಿವೇಶನವಾಗಿ ಕಾಣುತ್ತದೆ. ಅಲ್ಲಿ ಎದ್ದ ಬಡಾವಣೆಗೆ ಮಳೆಗಾಲದಲ್ಲಿ ನೀರು ನುಗ್ಗಿದರೆ ಅದನ್ನು ಪ್ರಕೃತಿ ವಿಕೋಪವೆಂದಷ್ಟೇ ಕರೆದು ಸುಮ್ಮನಾಗುವಂತಿಲ್ಲ.

ಸಂವಿಧಾನದ 74ನೆಯ ತಿದ್ದುಪಡಿ (1992) ನಗರ ಯೋಜನೆಯನ್ನು ನಗರಸಭೆಗಳಿಗೆ ವಹಿಸಬಹುದಾದ ವಿಷಯಗಳ ಪಟ್ಟಿಯಲ್ಲಿ ಮೊದಲನೆಯದಾಗಿ ಸೇರಿಸಿತು. ಜಿಲ್ಲಾ ಯೋಜನಾ ಸಮಿತಿಗಳಿಗೂ ಅವಕಾಶ ಕಲ್ಪಿಸಿತು. ಯೋಜನೆ ಜನಪ್ರತಿನಿಧಿಗಳ ಸಭೆಗೆ ಬರಬೇಕಾದರೆ ಅದು ಆ ಸಭೆಯ ಭಾಷೆಯಲ್ಲಿ ಬರಬೇಕಾಗುತ್ತದೆ. ಗೆಡೆಸ್ ಬಳ್ಳಾರಿಯನ್ನು ಕಂಡು ಶತಮಾನ ಕಳೆದಿದೆ. ಯೋಜನೆಗೆ ಮುನ್ನ ಸಮೀಕ್ಷೆ ಎಂಬ ಅವರ ಮಾತನ್ನು ಕರ್ನಾಟಕದ ವಿಶ್ವವಿದ್ಯಾನಿಲಯಗಳು ಇಂದು ಪಾಲಿಸುವುದಾದರೆ, ಸಮೀಕ್ಷೆಯ ಮೊದಲ ಹೆಜ್ಜೆಯಾಗಿ ಊರಿನ ಹಳೆಯ ಕನ್ನಡ ದಾಖಲೆಗಳನ್ನು ಓದುವುದನ್ನು ವಿದ್ಯಾರ್ಥಿಗಳಿಗೆ ಕಲಿಸಬೇಕು.