ಮಸೀದಿಗಳಲ್ಲಿ ಮಹಿಳೆಯರ ಪ್ರವೇಶ

ಮಸೀದಿಗಳಲ್ಲಿ ಮಹಿಳೆಯರ ಪ್ರವೇಶ ಎಂಬುದು ಮುಸ್ಲಿಂ ಮಹಿಳೆಯರು ಮಸೀದಿಯಲ್ಲಿ ನಮಾಜು ಮಾಡುವ ಹಕ್ಕು ಹಾಗೂ ಅದಕ್ಕೆ ಬೇಕಾದ ಸ್ಥಳ, ಸೌಕರ್ಯಗಳಿಗೆ ಸಂಬಂಧಿಸಿದ ವಿಷಯವಾಗಿದೆ. ಮಸೀದಿಯು ಪ್ರಾರ್ಥನೆಯ ಜೊತೆಗೆ ಬೋಧನೆ ಮತ್ತು ಸಮಾಲೋಚನೆಯ ಸಾರ್ವಜನಿಕ ಸ್ಥಳವೂ ಆಗಿರುವುದರಿಂದ, ಇದು ಸಮುದಾಯದ ನಿರ್ಧಾರಗಳಲ್ಲಿ ಮಹಿಳೆಯರ ಪಾಲಿನ ಪ್ರಶ್ನೆಯೂ ಹೌದು. ಕರ್ನಾಟಕದಲ್ಲಿ ಹಾಸನದ ಲೇಖಕಿ ಬಾನು ಮುಷ್ತಾಕ್ ಅವರ ಹೆಸರು ಈ ವಿಷಯದೊಂದಿಗೆ ಬೆಸೆದುಕೊಂಡಿದೆ.

ಹಿನ್ನೆಲೆ

ಪ್ರವಾದಿ ಮುಹಮ್ಮದರ ಕಾಲದಲ್ಲಿ ಮದೀನಾದ ಮಸೀದಿಯಲ್ಲಿ ಮಹಿಳೆಯರು ಪುರುಷರ ಹಿಂದಿನ ಸಾಲುಗಳಲ್ಲಿ ನಿಂತು ನಮಾಜು ಮಾಡುತ್ತಿದ್ದರು. ಮಹಿಳೆಯರನ್ನು ಮಸೀದಿಯಿಂದ ತಡೆಯಬಾರದು ಎಂಬ ಆಶಯದ ಹದೀಸ್‌ಗಳಿವೆ. ಅವರಿಗೆ ಮನೆಯ ನಮಾಜೇ ಉತ್ತಮ ಎನ್ನುವ ಹದೀಸ್‌ಗಳೂ ಇವೆ. ಶುಕ್ರವಾರದ ಜುಮಾ ನಮಾಜು ಪುರುಷರಿಗೆ ಕಡ್ಡಾಯ, ಮಹಿಳೆಯರಿಗೆ ಐಚ್ಛಿಕ. ಮೆಕ್ಕಾದಲ್ಲಿ ಕಾಬಾದ ಪ್ರದಕ್ಷಿಣೆಯನ್ನು (ತವಾಫ್) ಸ್ತ್ರೀಪುರುಷರು ಒಂದೇ ಅಂಗಳದಲ್ಲಿ ಮಾಡುತ್ತಾರೆ. ದಕ್ಷಿಣ ಏಷ್ಯಾದ ಹಲವು ಹನಫಿ ವಿದ್ವಾಂಸರು ಮಹಿಳೆಯರು ಮಸೀದಿಗೆ ಬರುವುದನ್ನು ಪ್ರೋತ್ಸಾಹಿಸಿಲ್ಲ. ಕೇರಳದಲ್ಲಿ ಮುಜಾಹಿದ್ ಮತ್ತು ಜಮಾತೆ ಇಸ್ಲಾಮಿ ಸಂಘಟನೆಗಳ ಮಸೀದಿಗಳಲ್ಲಿ ಮಹಿಳೆಯರಿಗೆ ಪ್ರವೇಶವಿದೆ.

ಕರ್ನಾಟಕದಲ್ಲಿ

ವಕೀಲೆಯೂ ಬಂಡಾಯ ಸಾಹಿತ್ಯ ಚಳವಳಿಯ ಲೇಖಕಿಯೂ ಆದ ಬಾನು ಮುಷ್ತಾಕ್ ಅವರು ಮಹಿಳೆಯರಿಗೆ ಮಸೀದಿಯಲ್ಲಿ ನಮಾಜಿನ ಹಕ್ಕಿದೆ ಎಂದು ಪ್ರತಿಪಾದಿಸಿದರು. ಇದರಿಂದಾಗಿ 2000ರಲ್ಲಿ ಅವರ ಕುಟುಂಬವು ಮೂರು ತಿಂಗಳ ಸಾಮಾಜಿಕ ಬಹಿಷ್ಕಾರವನ್ನು ಎದುರಿಸಬೇಕಾಯಿತು. ಅವರಿಗೆ ಬೆದರಿಕೆಗಳು ಬಂದವು. ಚೂರಿಯಿಂದ ಇರಿಯುವ ಯತ್ನವೂ ನಡೆಯಿತು. ದೀಪಾ ಭಾಸ್ತಿ ಅನುವಾದಿಸಿದ ಅವರ 12 ಕಥೆಗಳ ಸಂಕಲನ 'ಹಾರ್ಟ್ ಲ್ಯಾಂಪ್' 2025ರ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿಯನ್ನು ಪಡೆಯಿತು.

ಕಟ್ಟಡದ ವಿನ್ಯಾಸ

ಅನುಮತಿ ಇದ್ದರೂ ಸೌಕರ್ಯವಿಲ್ಲದಿದ್ದರೆ ಪ್ರವೇಶವು ಹೆಸರಿಗಷ್ಟೇ ಉಳಿಯುತ್ತದೆ. ಮಹಿಳೆಯರಿಗೆ ವುಜೂ (ಅಂಗಶುದ್ಧಿ) ಮಾಡುವ ಸ್ಥಳ, ಶೌಚಾಲಯ, ಸುರಕ್ಷಿತ ದ್ವಾರ ಮತ್ತು ಇಮಾಮರ ಧ್ವನಿ ಕೇಳಿಸುವ ವ್ಯವಸ್ಥೆ ಬೇಕಾಗುತ್ತದೆ. ಮಹಿಳೆಯರ ಸ್ಥಳವನ್ನು ಮೇಲಂತಸ್ತಿನಲ್ಲಿ ಮಾತ್ರ ಇರಿಸಿದರೆ ವೃದ್ಧೆಯರಿಗೂ ಅಂಗವಿಕಲರಿಗೂ ಮೆಟ್ಟಿಲುಗಳು ಅಡ್ಡಿಯಾಗುತ್ತವೆ. ಇಸ್ತಾಂಬುಲ್‌ನಲ್ಲಿ 2009ರಲ್ಲಿ ತೆರೆದ ಶಾಕಿರಿನ್ ಮಸೀದಿಯ ಒಳಾಂಗಣವನ್ನು ಝೈನೆಪ್ ಫಾದಿಲ್ಲಿಯೊಗ್ಲು ಎಂಬ ಮಹಿಳೆ ವಿನ್ಯಾಸಗೊಳಿಸಿದ್ದಾರೆ.

ನ್ಯಾಯಾಲಯಗಳಲ್ಲಿ

ಮುಂಬೈನ ಹಾಜಿ ಅಲಿ ದರ್ಗಾದ ಗರ್ಭಗೃಹಕ್ಕೆ ಮಹಿಳೆಯರ ಪ್ರವೇಶವನ್ನು ನಿಷೇಧಿಸಿದ್ದು ಸಂವಿಧಾನದ 14, 15 ಮತ್ತು 25ನೆಯ ವಿಧಿಗಳಿಗೆ ವಿರುದ್ಧವೆಂದು ಬಾಂಬೆ ಉಚ್ಚ ನ್ಯಾಯಾಲಯವು 2016ರ ಆಗಸ್ಟ್ 26ರಂದು ತೀರ್ಪು ನೀಡಿತು. ಮಸೀದಿ ಪ್ರವೇಶ ಕೋರಿ ಪುಣೆಯ ದಂಪತಿ 2019ರಲ್ಲಿ ಸರ್ವೋಚ್ಚ ನ್ಯಾಯಾಲಯದ ಮೊರೆಹೋದರು. ಮಹಿಳೆಯರು ಮಸೀದಿಗೆ ಬರಲು ಧರ್ಮದಲ್ಲಿ ಅನುಮತಿಯಿದೆ, ಆದರೆ ಸಾಮೂಹಿಕ ನಮಾಜು ಅವರಿಗೆ ಕಡ್ಡಾಯವಲ್ಲ ಎಂದು ಅಖಿಲ ಭಾರತ ಮುಸ್ಲಿಂ ವೈಯಕ್ತಿಕ ಕಾನೂನು ಮಂಡಳಿಯು 2020ರಲ್ಲಿ ಪ್ರಮಾಣಪತ್ರ ಸಲ್ಲಿಸಿತು. ಶಬರಿಮಲೆ ಪ್ರಕರಣದ ಮರುಪರಿಶೀಲನೆಯ ವೇಳೆ, 2019ರ ನವೆಂಬರ್ 14ರ ಆದೇಶದಲ್ಲಿ, ಮಸೀದಿ ಪ್ರವೇಶದ ವಿಷಯವನ್ನೂ ವಿಸ್ತೃತ ಪೀಠವು ಪರಿಗಣಿಸಬಹುದಾದ ಪ್ರಶ್ನೆಗಳೊಂದಿಗೆ ಉಲ್ಲೇಖಿಸಲಾಯಿತು.