ಪರ್ವತದ ದಾರಿಯ ಗಂಡ-ಹೆಂಡತಿ

ನಮ್ಮ ಶರಣಸಿರಸಗಿಯಲ್ಲಿ ‘ಪರ್ವತ’ ಅಂದರೆ ಶ್ರೀಶೈಲ, ಬೇರೆ ಯಾವುದೂ ಅಲ್ಲ. ತೊಗರಿ ರಾಶಿ ಮುಗಿದು ಹೋಳಿ ಹತ್ತಿರ ಬಂದಾಗ ‘ಪರ್ವತಕ್ಕ ಹೊಂಟೀವಿ’ ಎಂದರೆ, ಯಾವ ಪರ್ವತ ಎಂದು ಯಾರೂ ಕೇಳುವುದಿಲ್ಲ. ಯಾರ ಜೋಡಿ ಎಂದು ಕೇಳುತ್ತಾರೆ. ‘ಮನಿಯಾಕಿ ಜೋಡಿ’ ಅಂದೆ. ನಮಗೆ ಹೆಗಲ ಮೇಲೆ ಕಂಬಿ ಹೊತ್ತು ನಡೆಯುವ ಭಕ್ತರ ತಂಡವಿರಲಿಲ್ಲ, ಹಿಂದೆ ಸಾಮಾನು ಹೊತ್ತ ಟ್ರ್ಯಾಕ್ಟರೂ ಇರಲಿಲ್ಲ. ಇಬ್ಬರೇ. ಎರಡು ಚೀಲ, ಕಡಕ್ ರೊಟ್ಟಿ, ಶೇಂಗಾ ಹಿಂಡಿ, ಮತ್ತೆ ಅವಳು ಒಳಗೆ ಮಡಿಚಿಟ್ಟ ಒಂದು ಹಸಿರು ಇಳಕಲ್ ಸೀರೆ.

ಹೊರಡುವ ದಿನದ ಲೆಕ್ಕ ಕಷ್ಟದ್ದು. ಹೋಳಿ ಹುಣ್ಣಿಮೆಯ ಐದನೇ ದಿನ ಕಲಬುರಗಿಯಲ್ಲಿ ಶರಣಬಸಪ್ಪ ಅಪ್ಪನ ತೇರು. ಹುಣ್ಣಿಮೆಯಿಂದ ಹದಿನೈದನೇ ದಿನಕ್ಕೆ ಯುಗಾದಿ. ಅಷ್ಟರೊಳಗೆ ಶ್ರೀಶೈಲದ ಮಲ್ಲಿಕಾರ್ಜುನನ, ನಮ್ಮ ಮಲ್ಲಯ್ಯನ ಮುಂದೆ ನಿಂತಿರಬೇಕು. ದಾರಿ ಸುಮಾರು ಮುನ್ನೂರೈವತ್ತು ಕಿಲೋಮೀಟರ್. ತೇರು ಎಳೆದು ಹೊರಟರೆ ದಿನಕ್ಕೆ ಮೂವತ್ತೈದು ಬೀಳುತ್ತದೆ. ಅರವತ್ತು ದಾಟಿದ ನಮ್ಮ ಮೊಣಕಾಲಿಗೆ ಅದು ಆಗದ ಮಾತು. ಹೀಗಾಗಿ ಅರಳಗುಂಡಗಿಯಲ್ಲಿ 1746ರಲ್ಲಿ ಹುಟ್ಟಿ, ಕಲಬುರಗಿಯಲ್ಲಿ ದಾಸೋಹ ನಡೆಸಿ 1822ರಲ್ಲಿ ಲಿಂಗೈಕ್ಯನಾದ ಆ ಶರಣಬಸಪ್ಪ ಅಪ್ಪನ ಗುಡಿಗೆ ಹೋಗಿ ಮೊದಲೇ ಕೈ ಮುಗಿದು, ಹುಣ್ಣಿಮೆಯ ಮರುದಿನ ನಡೆಯತೊಡಗಿದೆವು. ಆ ವರ್ಷ ತೇರು ತಪ್ಪಿತು. ಅದರ ಸಂಕಟ ಇಬ್ಬರಿಗೂ ಇದೆ.

‘ಗಂಡ-ಹೆಂಡ್ತಿ ಇಬ್ರೇ ಹೊಂಟೀರೇನ್ರಿ?’ ಎಂದು ವಾಡಿಯ ಹತ್ತಿರ ಚಹದ ಅಂಗಡಿಯವನು ಹೊಸ ಸುದ್ದಿ ಕೇಳಿದವನಂತೆ ಕೇಳಿದ. ಇದು ನಮ್ಮ ಕಡೆಗೆ ಹೊಸದಲ್ಲ. ಕಮಲಾಪುರ, ಹುಮನಾಬಾದ್ ದಾಟಿದರೆ ಸಿಗುವ ಬಸವಕಲ್ಯಾಣದ ಹನ್ನೆರಡನೇ ಶತಮಾನವನ್ನು ನೆನೆಸಿಕೊಳ್ಳಿ. ಕಾಶ್ಮೀರದ ಅರಸೊತ್ತಿಗೆ ಬಿಟ್ಟು ಹೆಂಡತಿಯೊಡನೆ ಬಂದು, ಕಲ್ಯಾಣದಲ್ಲಿ ಕಟ್ಟಿಗೆ ಹೊರೆ ಮಾರಿದ ಮೋಳಿಗೆಯ ಮಾರಯ್ಯನ ಕಥೆಯನ್ನು ಶರಣರ ಪುರಾಣಗಳು ಹೇಳುತ್ತವೆ. ಅಷ್ಟು ದೂರ ಅವನೊಬ್ಬನೇ ನಡೆದನೇ? ಹೆಂಡತಿ ಮಹಾದೇವಿಯೂ ನಡೆದಳು, ಕಲ್ಯಾಣದಲ್ಲಿ ವಚನವನ್ನೂ ಬರೆದಳು. ಲಿಂಗಸುಗೂರು ಕಡೆಯ ಅಮರೇಶ್ವರದಿಂದ ಬಂದ ಆಯ್ದಕ್ಕಿ ಮಾರಯ್ಯ ಒಂದು ದಿನ ಬೇಕಾದ್ದಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಮರಳಿ ಸುರಿದು ಬಾ ಎಂದು ಕಳಿಸಿದವಳು ಅವನ ಹೆಂಡತಿ ಲಕ್ಕಮ್ಮ. ಇನ್ನು ಅಕ್ಕಮಹಾದೇವಿ: ಕಲ್ಯಾಣದಿಂದ ಶ್ರೀಶೈಲದ ಕದಳಿವನಕ್ಕೆ ಒಬ್ಬಳೇ ಹೋದವಳು. ಈ ಹೆಂಗಸರ ಕಾಲು ಸವೆಸಿದ ದಾರಿಯನ್ನು ನಾವು ಗಂಡಸರ ಹೆಸರಿನಲ್ಲಿ ನೆನಪಿಟ್ಟುಕೊಂಡಿದ್ದೇವೆ ಎಂಬುದು ನನ್ನ ಬಲವಾದ ತಕರಾರು.

ದಾರಿಯಲ್ಲಿ ಮೂರು ಹೊಳೆ: ಕಾಗಿಣಾ, ಕೃಷ್ಣಾ, ತುಂಗಭದ್ರಾ. ನಮ್ಮ ಆಯಿ-ಮುತ್ಯಾ ಹೋಗುವಾಗ ದೇವಸುಗೂರಿನಲ್ಲಿ ಕೃಷ್ಣೆಯನ್ನು ಹರಿಗೋಲಿನಲ್ಲಿ ದಾಟಿದ್ದರಂತೆ. ನಿಜಾಮ ಸರ್ಕಾರದ ದೊಡ್ಡ ಸೇತುವೆ ಅಲ್ಲಿ ಮುಗಿದದ್ದು 1943ರಲ್ಲಿ. ತುಂಗಭದ್ರೆ ದಾಟಿದರೆ ರಾಜ್ಯವೇ ಬೇರೆ. ಆಗ ಈಚೆ ನಿಜಾಮ, ಆಚೆ ಕರ್ನೂಲು ಜಿಲ್ಲೆಯ ಇಂಗ್ಲಿಷರು. ಅದಕ್ಕೂ ಹಿಂದೆ ಕರ್ನೂಲಿನ ನವಾಬರ ಆಳಿಕೆಯಲ್ಲಿ ಮಲ್ಲಯ್ಯನನ್ನು ನೋಡಲು ಬಂದವರು ತೆರಿಗೆ ಕೊಡಬೇಕಿತ್ತು. ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿ ಕಾಲಿನ್ ಮೆಕೆಂಜಿ 1794ರಲ್ಲಿ ಈ ಬೆಟ್ಟ ಹತ್ತಿ ದಿನಚರಿ ಬರೆದಿಟ್ಟ. ಅವನೂ ಈ ಜಾಗವನ್ನು ‘ಪರ್ವತ’ ಎಂದೇ ಕರೆದ, ನಮ್ಮ ಊರಿನವರ ಹಾಗೆ.

ಆತ್ಮಕೂರು, ವೆಂಕಟಾಪುರಂ ಆದ ಮೇಲೆ ನಲ್ಲಮಲ ಕಾಡು. ನಾಗಲೂಟಿಯ ವೀರಭದ್ರನ ಗುಡಿಯ ಕಟ್ಟೆಯ ಮೇಲೆ ನನ್ನ ಹಿಮ್ಮಡದ ಗುಳ್ಳೆ ನಿಂಬೆಹಣ್ಣಿನಷ್ಟು ಊದಿತ್ತು. ನಾನು ಒಡೆಯಲು ಹೊರಟರೆ ಅವಳು ಕೈ ತಡೆದಳು. ಸೂಜಿಯನ್ನು ದೀಪದ ಕುಡಿಯಲ್ಲಿ ಕಾಯಿಸಿ, ದಾರವನ್ನು ಅರಿಶಿಣ ಎಣ್ಣೆಯಲ್ಲಿ ಅದ್ದಿ, ಗುಳ್ಳೆಯ ಈ ಬದಿಯಿಂದ ಆ ಬದಿಗೆ ಪೋಣಿಸಿ, ಎರಡೂ ತುದಿ ಹೊರಗೆ ಬಿಟ್ಟು ಕತ್ತರಿಸಿದಳು. ‘ದಾರ ತಗಿಬ್ಯಾಡ್ರಿ, ಚರ್ಮ ಸುಲಿಬ್ಯಾಡ್ರಿ. ರಾತ್ರಿ ನೀರು ತಾನೇ ಇಳೀತದ.’ ಇದು ಅವಳಿಗೆ ನಮ್ಮವ್ವ ಕಲಿಸಿದ್ದು, ನಮ್ಮವ್ವನಿಗೆ ಅವರ ಅತ್ತಿ. ಬೆಳಗ್ಗೆ ಚರ್ಮ ಕಾಲಿಗೆ ಅಂಟಿಕೊಂಡಿತ್ತು, ನಡೆದೆ.

ಪೆದ್ದಚೆರುವು ಕಳೆದು ಭೀಮುನಿ ಕೊಳನಿನ ಕಣಿವೆಗೆ ಇಳಿಯುವಾಗ ಉಸಿರಿಗೆ ತೊಂದರೆಯಿಲ್ಲ, ಮೊಣಕಾಲಿಗೆ ಶಿಕ್ಷೆ. ಅಲ್ಲಿಂದ ಕೈಲಾಸ ದ್ವಾರಕ್ಕೆ ಏರುವಾಗ ಎರಡಕ್ಕೂ. ಶ್ರೀಶೈಲಕ್ಕೆ ಮೆಟ್ಟಿಲು ಕಟ್ಟಿಸಿದ ಕೀರ್ತಿ ಹದಿನಾಲ್ಕನೇ ಶತಮಾನದ ರೆಡ್ಡಿ ಅರಸ ಪ್ರೋಲಯ ವೇಮನದು. ಪಾತಾಳಗಂಗೆಯ ಕಡೆಯ ಮೆಟ್ಟಿಲು ಕಟ್ಟಿಸಿದವಳು ವಿಜಯನಗರದ ಎರಡನೇ ಹರಿಹರನ ರಾಣಿ ವಿಠಲಾಂಬೆ. ಒಬ್ಬ ಹೆಣ್ಣುಮಗಳ ಹೆಸರು ಕಲ್ಲಿನ ಕೆಲಸಕ್ಕೆ ಅಂಟಿಕೊಂಡು ಉಳಿದದ್ದು ನನಗೆ ದೊಡ್ಡ ಸಮಾಧಾನ.

ಏರಿನ ನಡುವೆ ಯಾರೋ ಕಲ್ಲಿನ ಮೇಲೆ ಕಲ್ಲಿಟ್ಟು ಸಣ್ಣ ಮನೆಗಳನ್ನು ಕಟ್ಟಿದ್ದರು. ದಕ್ಷಿಣ ಅಮೆರಿಕದ ಆಂಡಿಸ್ ಪರ್ವತದಲ್ಲೂ ದಾರಿಹೋಕರು ಕಣಿವೆ ದಾಟುವ ನೆತ್ತಿಯ ಮೇಲೆ ಒಂದೊಂದು ಕಲ್ಲು ಇಟ್ಟು ಗುಪ್ಪೆ ಬೆಳೆಸುತ್ತಾರೆ. ಅದಕ್ಕೆ ಅಪಚೇಟ ಎನ್ನುತ್ತಾರೆ. ಅಲ್ಲಿಯ ಇಂಕಾ ಅರಸರ ದಾರಿಗಳ ಜಾಲ ಮೂವತ್ತು ಸಾವಿರ ಕಿಲೋಮೀಟರಿಗೂ ಹೆಚ್ಚು. ಯುನೆಸ್ಕೊ 2014ರಲ್ಲಿ ಅದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ನಮ್ಮ ಈ ಕಾಲುದಾರಿಯನ್ನೂ ಯಾರಾದರೂ ಊರೂರಿಗೆ ಹೋಗಿ, ಮುದುಕಿಯರನ್ನು ಕೇಳಿ, ಬರೆದಿಡಬೇಕು. ಎಲ್ಲಿ ನೀರಿತ್ತು, ಯಾವ ಮರದಡಿ ಒಲೆ ಹೂಡುತ್ತಿದ್ದರು, ಬಸುರಿಯರು ಎಲ್ಲಿ ತಂಗುತ್ತಿದ್ದರು ಎಂಬುದು ಅವರಿಗೇ ಗೊತ್ತು. ಏರಿನ ಆ ಕಲ್ಲುಮನೆಗಳ ನಡುವೆ ನನ್ನ ಹೆಂಡತಿಯೂ ಒಂದು ಚಪ್ಪಟೆ ಕಲ್ಲು ಹುಡುಕಿ ಇಟ್ಟಳು. ಏನು ಬೇಡಿಕೊಂಡಳೋ ನಾನು ಕೇಳಲಿಲ್ಲ.

ಯುಗಾದಿಯ ಹಿಂದಿನ ಸಂಜೆ ಮುಟ್ಟಿದೆವು. ಮರಗಾಲು ಕಟ್ಟಿಕೊಂಡು ಬಂದವರು, ಕಂಬಿ ಹೊತ್ತು ಬಂದವರು, ಎಲ್ಲೆಲ್ಲೂ ಕನ್ನಡ. ಇಲ್ಲಿಯ ದೇವಿ ಭ್ರಮರಾಂಬೆ ನಮ್ಮ ಕಡೆಯವರಿಗೆ ಮನೆಮಗಳು, ಮಲ್ಲಯ್ಯ ಅಳಿಯ. ಸರದಿಯಲ್ಲಿ ನಿಂತಾಗ ಅವಳು ಚೀಲದ ತಳದಿಂದ ಸೀರೆ ತೆಗೆದಳು. ಹದಿನಾಲ್ಕು ದಿನ ರೊಟ್ಟಿಯ ಗಂಟಿನ ಕೆಳಗಿದ್ದರೂ ಮಡಿಕೆ ಕೆಟ್ಟಿರಲಿಲ್ಲ. ಹಿಂಡಿಯ ವಾಸನೆ ಮಾತ್ರ ಹತ್ತಿತ್ತು. ಮೂಗಿಗೆ ಹಿಡಿದು ನೋಡಿ, ‘ಇರ್ಲಿ ಬಿಡ್ರಿ, ತವರಮನಿ ವಾಸನಿ’ ಎಂದು ಸೆರಗಿನಿಂದ ಒರೆಸಿ, ಮೇಲೆ ಅರಿಶಿಣ ಕುಂಕುಮದ ಪೊಟ್ಟಣವಿಟ್ಟಳು.