ತಪ್ಪಿತು, ತಪ್ಪಾಯಿತು

ಬಳ್ಳಾರಿಯಲ್ಲಿ ಕನ್ನಡದವರೂ ತೆಲುಗಿನವರೂ ಸಮನಾಗಿ ಬಳಸುವ ಮಾತು ‘ತಪ್ಪು’. ನಾಮಪದವಾದರೆ ಅದು ಅಪರಾಧದ ವಾಸನೆ ಹೊತ್ತು ಬರುತ್ತದೆ: ಯಾರೋ ತಪ್ಪು ಮಾಡಿದ್ದಾರೆ. ಕ್ರಿಯಾಪದಕ್ಕೆ ಆ ಕಹಿಯಿಲ್ಲ. ಸಿರುಗುಪ್ಪದ ಬಸ್ಸು ತಪ್ಪಿತು, ಎಚ್ಚರ ತಪ್ಪಿತು, ಗಂಡಾಂತರ ತಪ್ಪಿತು, ಎಲ್ಲಿಯೂ ತಪ್ಪಿತಸ್ಥನಿಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೇ ಗೇಟಿನ ಚೈನು ತುಂಡಾಯಿತು. ಕೊಂಡಿ ತಪ್ಪಿದ್ದು ಅಲ್ಲಿ, ಬೆಳೆಗೆ ನೀರು ತಪ್ಪೀತೆಂಬ ದಿಗಿಲು ಸಿರುಗುಪ್ಪ, ಕುರುಗೋಡಿನ ಭತ್ತದ ಗದ್ದೆಗಳಲ್ಲಿ.

ವಿಜಯನಗರದ ಮೊದಲ ಅರಸರ ಶಾಸನಗಳಲ್ಲಿ ‘ಭಾಷೆಗೆ ತಪ್ಪುವ ರಾಯರ ಗಂಡ’ ಎಂಬ ಬಿರುದಿದೆ. ಕೊಟ್ಟ ಮಾತಿಗೆ ತಪ್ಪುವ ಅರಸರನ್ನು ಮಣಿಸುವವನು ಎಂದರ್ಥ. ಸಾಫ್ಟ್‌ವೇರಿಗೆ ಒಪ್ಪುವ ಅರ್ಥವೂ ಇದೇ. ಪ್ರತಿ ಮಾಡ್ಯೂಲೂ ತನ್ನನ್ನು ಕರೆಯುವವರಿಗೆ ಭಾಷೆ ಕೊಟ್ಟಿರುತ್ತದೆ: ಹೆಸರು ಕೊಡಿ, ಫೈಲು ತೆರೆದುಕೊಡುತ್ತೇನೆ. ಫೈಲೇ ಇಲ್ಲದಿದ್ದರೆ ಭಾಷೆ ತಪ್ಪಿತು. ಅದನ್ನು ಹೇಳುವ ಬಗೆ ಒಂದೊಂದು ಕಡೆ ಒಂದೊಂದು. ಸಿ ಭಾಷೆಯ ಎಷ್ಟೋ ಫಂಕ್ಷನ್ನುಗಳು ಮೈನಸ್ 1 ಎಂದು ಪಿಸುಗುಟ್ಟಿ ಸುಮ್ಮನಾಗುತ್ತವೆ, ಕೇಳಿಸಿಕೊಂಡವನಿಗೆ ಉಂಟು. ಜಾವಾ ‘ಎಕ್ಸೆಪ್ಶನ್’ ಎಸೆಯುತ್ತದೆ. ಹಿಡಿಯುವವರು ಸಿಗುವತನಕ ಅದು ಕರೆದವರಿಂದ ಅವರನ್ನು ಕರೆದವರಿಗೆ ದಾಟುತ್ತಾ ಹೋಗುತ್ತದೆ. ಗೋ ಭಾಷೆಯಲ್ಲಿ ಉತ್ತರದ ಜೊತೆಗೇ ತಪ್ಪನ್ನೂ ಕೈಗಿಡುವುದು ರೂಢಿ. ನನಗೆ ಹಿಡಿಸುವುದು ಇದು, ಬರೆಯಲು ಬೇಸರವಾದರೂ.

ಹೇಳಿದರಷ್ಟೇ ಸಾಲದು. 1996ರ ಜೂನ್ 4ರಂದು ಏರಿಯಾನ್ 5 ರಾಕೆಟ್ಟಿನಲ್ಲಿ 64 ಬಿಟ್ಟಿನ ಸಂಖ್ಯೆಯೊಂದು 16 ಬಿಟ್ಟಿನ ಜಾಗದಲ್ಲಿ ಹಿಡಿಸಲಿಲ್ಲ. ಆಗ ಎದ್ದ ಎಕ್ಸೆಪ್ಶನ್ನನ್ನು ಹಿಡಿಯುವ ಕೋಡ್ ಇರಲಿಲ್ಲ. ದಿಕ್ಕು ಅಳೆಯುವ ಘಟಕ ಕೈಚೆಲ್ಲಿ ದೋಷದ ವರದಿ ಕಳಿಸಿತು. ಮುಖ್ಯ ಕಂಪ್ಯೂಟರ್ ಅದನ್ನು ಹಾರಾಟದ ಲೆಕ್ಕವೆಂದೇ ಓದಿಕೊಂಡಿತು. ಹಾರಿ ಇನ್ನೂ ನಿಮಿಷ ತುಂಬಿರಲಿಲ್ಲ, ರಾಕೆಟ್ ದಾರಿ ತಪ್ಪಿ ಚೂರಾಯಿತು. ‘ಎರರ್’ ಪದದ ಲ್ಯಾಟಿನ್ ಬೇರಿನ ಅರ್ಥವೂ ದಾರಿ ತಪ್ಪಿ ಅಲೆಯುವುದೇ.

ನಮ್ಮ ಹುಡುಗರು ‘ಎರರ್ ಬಂತು’ ಎನ್ನುತ್ತಾರೆ, ಬೇಡದ ನೆಂಟ ಬಂದ ಹಾಗೆ. ಫೋನಿನ ಪರದೆಯಾದರೋ ‘ಏನೋ ತಪ್ಪಾಗಿದೆ’ ಎಂದು ಕೈತೊಳೆದುಕೊಳ್ಳುತ್ತದೆ. ಆ ಸಾಲನ್ನು ಕನ್ನಡಕ್ಕೆ ತರುವವರಲ್ಲಿ ಒಂದು ಕೋರಿಕೆ: ನಾಮಪದ ಬಿಡಿ, ಕ್ರಿಯಾಪದ ಹಿಡಿಯಿರಿ. ನೆಟ್‌ವರ್ಕ್ ತಪ್ಪಿತೋ, ಪಾಸ್‌ವರ್ಡ್ ತಪ್ಪಿತೋ, ಏನು ತಪ್ಪಿತೆಂದು ಬರೆಯಿರಿ.